ಸರಾಸರಿ ತೆಗೆದರೆ ಬರೆ ನಿಲ್ಲುತ್ತಾ?

ಭೂಕಂಪವಾದ ಮೇಲೆ ಮನೆ ಕಳೆದುಕೊಂಡವರಿಗೆ ತಾತ್ಕಾಲಿಕ ಶಿಬಿರ ಎಲ್ಲಿ ಹಾಕಬೇಕು? ಇದಕ್ಕೆ ಫಜಿ ಲಾಜಿಕ್ ಬಳಸುವ ಪೇಪರುಗಳು ಬೇಕಾದಷ್ಟಿವೆ. ರಸ್ತೆ ಹತ್ತಿರವಾ, ನೀರಿದೆಯಾ, ಜಾಗ ಸಾಕಾ, ನೆಲ ಭದ್ರವಾ - ಪ್ರತಿಯೊಂದಕ್ಕೂ ಹೌದು/ಇಲ್ಲ ಬದಲು ಸೊನ್ನೆಯಿಂದ ಒಂದರವರೆಗೆ ಅಂಕ. ಸಾಮಾನ್ಯವಾಗಿ ಆ ಅಂಕಗಳಿಗೆ ತೂಕ ಕೊಟ್ಟು ಕೂಡಿಸಿ, ಹೆಚ್ಚು ಬಂದ ಜಾಗಕ್ಕೆ ಮೊದಲ ರ‍್ಯಾಂಕ್. ನಮ್ಮ ಸಾಫ್ಟ್‌ವೇರ್ ಬಳಗಕ್ಕೆ ಇಂಥದ್ದು ಅಂದ್ರೆ ಪಂಚಪ್ರಾಣ. ನನ್ನ ತಕರಾರು ಆ ‘ಕೂಡಿಸಿ’ ಅನ್ನೋದರ ಮೇಲೆ.

ಕೊಡಗನ್ನೇ ನೋಡಿ. 2018ರ ಆಗಸ್ಟ್ ಮಳೆಗೆ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡ ಜಾರಿ ಸಾವಿರಾರು ಜನ ಶಿಬಿರ ಸೇರಿದರು. 2022ರ ಜೂನ್‌ನಲ್ಲಿ, ಅದೂ ಮಳೆಗಾಲದಲ್ಲೇ, ಚೆಂಬು, ಕರಿಕೆ ಸುತ್ತ ನೆಲ ಸಣ್ಣಗೆ ನಡುಗಿತು. ಇಲ್ಲಿ ಎಷ್ಟೋ ಮೈದಾನಗಳು ಗುಡ್ಡ ತರಿದು ಮಾಡಿದವು. ತರಿದ ಜಾಗದ ಹಿಂದೆ ನೆಟ್ಟಗೆ ನಿಲ್ಲೋ ಮಣ್ಣಿನ ಗೋಡೆಯೇ ಬರೆ. ನಕ್ಷೆಯಲ್ಲಿ ಮೈದಾನದ ಇಳಿಜಾರು ಸೊನ್ನೆ ಅಂತ ಪೂರ್ತಿ ಅಂಕ ಕೊಟ್ಟರೆ, ಆ ಬರೆ ಲೆಕ್ಕಕ್ಕೇ ಬರೋದಿಲ್ಲ.

ಸರಿ, ಲೆಕ್ಕಕ್ಕೆ ತಗೊಂಡ್ರು ಅಂತಲೇ ಇಟ್ಟುಕೊಳ್ಳಿ. ಕಾಲ್ಪನಿಕ ಮೈದಾನ ಒಂದು: ಬರೆಯಿಂದ ಭದ್ರತೆ 0.2, ರಸ್ತೆ, ನೀರು, ಜಾಗ ತಲಾ 0.9. ಮೈದಾನ ಎರಡು: ಭದ್ರತೆ 0.7, ರಸ್ತೆ 0.6, ನೀರು 0.6, ಜಾಗ 0.7. ಸಮ ತೂಕ ಕೊಟ್ಟರೆ ಮೊದಲನೆಯದು 0.725, ಎರಡನೆಯದು 0.65. ಅಂದ್ರೆ ಕುಸಿಯೋ ಬರೆ ಕೆಳಗೇ ಟೆಂಟ್! ನಡುರಾತ್ರಿ ಬರೆ ಜರಿದರೆ ಒಳ್ಳೇ ರಸ್ತೆ ಬಂದು ಅಡ್ಡ ನಿಲ್ಲುತ್ತಾ? ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನೂರಕ್ಕೆ 20 ತೆಗೆದವನನ್ನು ಕನ್ನಡದ ಅಂಕ ತೋರಿಸಿ ಪಾಸು ಮಾಡ್ತಾರಾ?

ತಮಾಷೆ ಏನು ಗೊತ್ತಾ? ಫಜಿ ಸೆಟ್‌ಗಳನ್ನು 1965ರಲ್ಲಿ ಪರಿಚಯಿಸಿದ ಲಾಟ್ಫಿ ಜಾಡೆ ‘ಇದೂ ಇರಬೇಕು, ಅದೂ ಇರಬೇಕು’ ಅನ್ನೋದಕ್ಕೆ ಹೇಳಿದ್ದು ಸರಾಸರಿಯಲ್ಲ, ಇರೋದರಲ್ಲಿ ಕನಿಷ್ಠ ಅಂಕ. 1970ರಲ್ಲಿ ಬೆಲ್‌ಮನ್ ಜೊತೆ ನಿರ್ಣಯದ ಬಗ್ಗೆ ಬರೆದಾಗಲೂ ಅದೇ ದಾರಿ. ಹಾಗೆ ನೋಡಿದರೆ ಮೊದಲನೆಯದು 0.2, ಎರಡನೆಯದು 0.6.

‘ರಸ್ತೆ ಸ್ವಲ್ಪ ಕೆಟ್ಟಿದೆ ಅಂತ ಒಳ್ಳೇ ಜಾಗ ಬಿಡೋದಾ?’ ಅಂತ ಕೇಳಬಹುದು. ಬೇಡ. ರಸ್ತೆ ರಿಪೇರಿ ಮಾಡಬಹುದು, ನೀರು ಟ್ಯಾಂಕರ್‌ನಲ್ಲಿ ತರಬಹುದು, ಅವನ್ನು ಧಾರಾಳವಾಗಿ ಕೂಡಿಸಿ. ಆದರೆ ಬರೆ ಮತ್ತು ಹೊಳೆ, ಇವೆರಡಕ್ಕೆ ರಿಯಾಯಿತಿ ಬೇಡ. ಹೊಳೆ ಯಾಕಂದ್ರೆ, ಗುಡ್ಡ ಬೇಡ ಅಂತ ಬಯಲಿಗೆ ಇಳಿದರೆ ಕುಶಾಲನಗರದ ಬಡಾವಣೆಗಳಿಗೆ 2018, 2019 ಎರಡೂ ವರ್ಷ ಕಾವೇರಿ ನುಗ್ಗಿತ್ತು. ಇವೆರಡರಲ್ಲಿ ಫೇಲಾದ ಜಾಗವನ್ನು ಮೊದಲೇ ಪಟ್ಟಿಯಿಂದ ತೆಗೆದು, ಉಳಿದವಕ್ಕೆ ಫಜಿ ಹಚ್ಚಿ. ಪಾಸಿನ ಗೆರೆ ಎಲ್ಲಿ ಅನ್ನೋದನ್ನ ಭೂವಿಜ್ಞಾನಿಗಳ ಜೊತೆ ಆ ಊರಿನವರೂ ಕೂತು ನಿರ್ಧರಿಸಲಿ. ಮಳೆಗಾಲದಲ್ಲಿ ಯಾವ ಬರೆಯಿಂದ ಕೆಸರು ನೀರು ಒಸರುತ್ತೆ ಅಂತ ಅವರಿಗೆ ಗೊತ್ತು.

ಈ ಪಟ್ಟಿ ಏಪ್ರಿಲ್‌ನಲ್ಲೇ ಪಂಚಾಯ್ತಿ ಗೋಡೆ ಮೇಲೆ ಇರಬೇಕು. ನೆಲ ನಡುಗಿದ ರಾತ್ರಿ ಯಾರೂ ಎಕ್ಸೆಲ್ ತೆರೆಯೋದಿಲ್ಲ. ಏನಂತೀರಿ?