ಲೆಕ್ಕಕ್ಕೆ ಸಿಗದ ಹತ್ತು ವರ್ಷ

ಕಾಲೇಜು ಆಟಗಾರರಿಗೆ ಸಂಬಂಧಿಸಿದ ಒಪ್ಪಂದವೊಂದಕ್ಕೆ 2025ರ ಜೂನ್‌ನಲ್ಲಿ ಅಮೆರಿಕದ ಫೆಡರಲ್ ನ್ಯಾಯಾಲಯ ಒಪ್ಪಿಗೆ ನೀಡಿತು. ಅದರಂತೆ ವಿಶ್ವವಿದ್ಯಾಲಯಗಳು ಕ್ರೀಡಾ ವರಮಾನದಲ್ಲಿ ಆಟಗಾರರಿಗೆ ನೇರವಾಗಿ ಪಾಲು ಕೊಡಬಹುದು. ಮೊದಲ ವರ್ಷದ ಗರಿಷ್ಠ ಮಿತಿ ಪ್ರತಿ ವಿಶ್ವವಿದ್ಯಾಲಯಕ್ಕೆ ಸುಮಾರು 2.05 ಕೋಟಿ ಡಾಲರ್. ದಶಕಗಳ ಕಾಲ ಸಂಸ್ಥೆಗಳಿಗೆ ದುಡಿದುಕೊಟ್ಟ ಹುಡುಗರಿಗೆ ಇದು ತಡವಾಗಿ ಸಂದ ನ್ಯಾಯ. ಅದರ ಬಗ್ಗೆ ತಕರಾರಿಲ್ಲ.

ಆದರೆ ಹಣ ಎತ್ತ ಹರಿಯುತ್ತದೆ? ಟಿ.ವಿ. ವರಮಾನ ತರುವ ಅಮೆರಿಕನ್ ಫುಟ್‌ಬಾಲ್ ಮತ್ತು ಪುರುಷರ ಬ್ಯಾಸ್ಕೆಟ್‌ಬಾಲ್ ಕಡೆಗೆ. ನಾವು ಫುಟ್‌ಬಾಲ್ ಎಂದೂ ಅವರು ಸಾಕರ್ ಎಂದೂ ಕರೆಯುವ ಆಟಕ್ಕೆ ಉಳಿಯುವುದು ಬರೀ ಖರ್ಚಿನ ಬಾಬ್ತಿನ ಸ್ಥಾನ. ಇಂಥ ಬಾಬ್ತುಗಳಿಗೆ ಕತ್ತರಿ ಹಾಕುವ ಮುನ್ನ ಜೆರಿ ಯೇಗ್ಲಿ ಅವರ ವೃತ್ತಿಜೀವನವನ್ನು ಒಮ್ಮೆ ನೋಡುವುದು ಒಳಿತು.

ಯೇಗ್ಲಿ ಬ್ಲೂಮಿಂಗ್ಟನ್‌ನ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಬಂದದ್ದು 1963ರಲ್ಲಿ. ಅಲ್ಲಿ ಬ್ಯಾಸ್ಕೆಟ್‌ಬಾಲ್ ಎಂದರೆ ಭಕ್ತಿ. ಸಾಕರ್‌ಗೆ ಅಧಿಕೃತ ತಂಡದ ಮಾನ್ಯತೆಯೇ ಇರಲಿಲ್ಲ. ವಿದ್ಯಾರ್ಥಿಗಳ ಕ್ಲಬ್ ಒಂದನ್ನು ಅವರು ಹತ್ತು ವರ್ಷ ತರಬೇತಿ ಕೊಟ್ಟು ಉಳಿಸಿಕೊಂಡರು. ಮಾನ್ಯತೆ ದೊರೆತದ್ದು 1973ರಲ್ಲಿ. 1976, 1978 ಮತ್ತು 1980ರಲ್ಲಿ ತಂಡ ರಾಷ್ಟ್ರೀಯ ಫೈನಲ್ ತಲುಪಿ ಸೋತಿತು. ಮೊದಲ ಪ್ರಶಸ್ತಿ ಬಂದದ್ದು 1982ರಲ್ಲಿ, ಎಂಟು ಹೆಚ್ಚುವರಿ ಅವಧಿಗಳವರೆಗೆ ಎಳೆದ ಪಂದ್ಯದಲ್ಲಿ ಡ್ಯೂಕ್ ತಂಡವನ್ನು 2–1ರಿಂದ ಮಣಿಸಿ. ಆ ಹೊತ್ತಿಗೆ ಅವರು ಬಂದು 19 ವರ್ಷ ಸಂದಿದ್ದವು. ಆಮೇಲೆ 1983, 1988, 1998, 1999ರಲ್ಲೂ ಗೆಲುವು. 2003ರ ಫೈನಲ್‌ನಲ್ಲಿ ಆರನೆಯ ಪ್ರಶಸ್ತಿ ಗೆದ್ದು ಅವರು ನಿವೃತ್ತರಾದರು. ದಾಖಲೆಯಲ್ಲಿರುವ ಅವರ 544 ಗೆಲುವುಗಳು 1973ರ ನಂತರದವು. ಮೊದಲ ಹತ್ತು ವರ್ಷ ಆ ಲೆಕ್ಕದಲ್ಲೇ ಇಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನ್ನನ್ನು ಕಾಡುವುದು ಆ ಹತ್ತು ವರ್ಷಗಳೇ. ತೊಂಬತ್ತರ ದಶಕದಲ್ಲಿ ಕಾಲೇಜೊಂದಕ್ಕೆ ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ ಕೋರಿದ ಕಡತ ನನ್ನ ಮೇಜಿಗೆ ಬಂದಿತ್ತು. 'ಪ್ರಸ್ತಾವವು ಅನುತ್ಪಾದಕ ವೆಚ್ಚವಾಗಿದ್ದು ಪರಿಗಣಿಸಲು ಅವಕಾಶವಿಲ್ಲ' ಎಂದು ಟಿಪ್ಪಣಿ ಬರೆದವನು ನಾನೇ. ನಿಯಮದ ದೃಷ್ಟಿಯಿಂದ ಆ ಟಿಪ್ಪಣಿಯಲ್ಲಿ ತಪ್ಪಿರಲಿಲ್ಲ. ಯೇಗ್ಲಿ ಅವರ ಕಡತ 1970ರಲ್ಲಿ ನನ್ನಂಥವನ ಕೈಗೆ ಸಿಕ್ಕಿದ್ದರೂ ಅದೇ ಷರಾ ಬೀಳುತ್ತಿತ್ತು: ಏಳು ವರ್ಷ, ವರಮಾನ ಇಲ್ಲ, ಪ್ರಶಸ್ತಿ ಇಲ್ಲ.

ಇಂಥ ಪ್ರತಿಯೊಬ್ಬರೂ ಯೇಗ್ಲಿ ಆಗುತ್ತಾರೆಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಖಂಡಿತ ಆಗುವುದಿಲ್ಲ. ಆದರೆ ಯಾರು ಆಗುತ್ತಾರೆ ಎಂಬುದನ್ನು ಮೊದಲೇ ಹೇಳಬಲ್ಲ ಲೆಕ್ಕಪತ್ರವೂ ಇಲ್ಲ. ವಾರ್ಷಿಕ ಲೆಕ್ಕದಲ್ಲಿ ನಷ್ಟವಾಗಿ ಕಾಣುವುದು ದೀರ್ಘಾವಧಿಯಲ್ಲಿ ಬಂಡವಾಳವಾಗಿರಬಹುದು. ಇಂಡಿಯಾನಾದಲ್ಲಿ ಆದದ್ದು ಅದೇ. ಯೇಗ್ಲಿ ನಿರ್ಗಮಿಸಿದ ಮರುವರ್ಷವೇ, 2004ರಲ್ಲಿ, ಅವರ ಸಹಾಯಕರಾಗಿದ್ದ ಮೈಕ್ ಫ್ರೈಟಾಗ್ ತಂಡವನ್ನು ಮತ್ತೆ ಗೆಲ್ಲಿಸಿದರು. 2012ರಲ್ಲಿ ಗೆಲ್ಲಿಸಿದವರು ಮಗ ಟಾಡ್. ವ್ಯಕ್ತಿ ಹೋದ ಮೇಲೂ ಉಳಿದ ಸಾಮರ್ಥ್ಯಕ್ಕೆ ಸಂಸ್ಥೆ ಎನ್ನುತ್ತೇವೆ.

ಆಟಗಾರರ ಪಾಲನ್ನು ಕಸಿಯಬೇಕೆಂದು ನಾನು ಹೇಳುತ್ತಿಲ್ಲ. ಆ ಪಾಲನ್ನು ಹೊಂದಿಸಲು ವರಮಾನವಿಲ್ಲದ ಆಟಗಳನ್ನೇ ಮೊದಲು ಬಲಿಗೊಡುವ ಸುಲಭದ ದಾರಿಯ ಬಗ್ಗೆ ನನ್ನ ಆತಂಕ. ತರಬೇತುದಾರರ ವೇತನ, ಕ್ರೀಡಾಂಗಣಗಳ ವೈಭವ ಇವುಗಳತ್ತಲೂ ಆಡಳಿತಗಾರರು ಕತ್ತರಿ ತಿರುಗಿಸಬಹುದು.

ನಾನು ತಿರಸ್ಕರಿಸಿದ ಆ ಹುದ್ದೆಗೆ ಯಾರು ಬರುತ್ತಿದ್ದರೋ, ಅವರ ಕೈಯಲ್ಲಿ ಎಂಥ ಹುಡುಗರು ತಯಾರಾಗುತ್ತಿದ್ದರೋ ಗೊತ್ತಿಲ್ಲ. ಉಳಿಸಿದ ಹಣಕ್ಕೆ ಲೆಕ್ಕವಿದೆ; ಕಳೆದುಕೊಂಡದ್ದಕ್ಕೆ ಕಡತದಲ್ಲಿ ಕಾಲಂ ಇರಲಿಲ್ಲ.