ಬೆಟ್ಟ ತೋರಿಸೋರು ಬುಡದ ಊರಿನವರೇ ಆಗಲಿ

ಬೆಳ್ಳಾವಿ ಕಡೆಯ ನಮಗೆ ದೇವರಾಯನದುರ್ಗ ಅಂದರೆ ನರಸಿಂಹಸ್ವಾಮಿ, ನಾಮದ ಚಿಲುಮೆ. ಈಗ ಶನಿವಾರ, ಭಾನುವಾರ ಬಂತೆಂದರೆ ಬೆಂಗಳೂರಿನಿಂದ ಚಾರಣಕ್ಕೆ ಬರುವವರ ಸಾಲು. ಬರಲಿ, ಬೇಡ ಅನ್ನೋಕೆ ನಾವ್ಯಾರು? ನನ್ನ ತಕರಾರು ಒಂದೇ: ಅವರನ್ನು ಕರೆದೊಯ್ಯುವ ಗೈಡ್ ಯಾರು?

ಎಷ್ಟೋ ಸಲ ಆತನೂ ಪಟ್ಟಣದವನೇ. ದಾರಿ ಗೊತ್ತು, ಬೆಟ್ಟ ಗೊತ್ತಿಲ್ಲ. ಕಳೆದ ವರ್ಷ ನಮ್ಮ ನೆಂಟರ ಹೊಲದಲ್ಲಿ ಇಂಥದೊಂದು ತಂಡ ತೆನೆಗೆ ಬಂದ ರಾಗಿ ತುಳಿದುಕೊಂಡು ಹೋಯಿತು. ಬೇಲಿಯ ಮುಳ್ಳು ಸರಿಸಿದವರು ಮತ್ತೆ ಮುಚ್ಚಲಿಲ್ಲ, ಹಿಂದೆಯೇ ದನ ನುಗ್ಗಿದವು. ಕೇಳಿದರೆ ಗೈಡ್ ಅಂದಿದ್ದು, "ಮೊಬೈಲಲ್ಲಿ ದಾರಿ ಹೀಗೇ ತೋರಿಸ್ತಿದೆ."

ಬೆಟ್ಟ ನಮಗೆ ಬರೀ ನೋಟವಲ್ಲ. ಶಿಂಷಾ ಹುಟ್ಟೋದು ಈ ಬೆಟ್ಟಸಾಲಲ್ಲೇ, ಜಯಮಂಗಲಿಯೂ ಇಲ್ಲೇ. ಒಂದು ದಕ್ಷಿಣಕ್ಕೆ ಹರಿದು ಕಾವೇರಿ ಸೇರುತ್ತೆ, ಇನ್ನೊಂದು ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿ ಸೇರುತ್ತೆ. ಬೇಸಿಗೆಯ ಒಣಹುಲ್ಲಿಗೆ ಒಂದು ಸಿಗರೇಟು ತುಂಡು ಬಿದ್ದರೆ ಸಾಕು. ಸುಟ್ಟ ಇಳಿಜಾರಿನ ಮಣ್ಣು ಮೊದಲ ಮಳೆಗೇ ಕೊಚ್ಚಿ ಕೆರೆಗೆ ಬೀಳುತ್ತೆ. ಆ ಹೂಳಿನ ನಷ್ಟ ಯಾರದು? ಕೆರೆ ನಂಬಿದ ನಮ್ಮದೇ.

ಅಲ್ಲೇ ದನ ಮೇಯಿಸಿ ಬೆಳೆದವನಿಗೆ ಕರಡಿ ಓಡಾಡುವ ಜಾಗ ಗೊತ್ತು, ಮಳೆಯಲ್ಲಿ ಜಾರುವ ಬಂಡೆ ಗೊತ್ತು. ಕಾರೆ ಹಣ್ಣು ಯಾವಾಗ, ಬಂದರೆ ಸೊಪ್ಪು ಯಾತಕ್ಕೆ ಅಂತ ಹೇಳಬಲ್ಲ. ಹಳದಿ ಕೊರಳಿನ ಪಿಕಳಾರ ದಕ್ಷಿಣ ಭಾರತದ ಕಲ್ಲುಬೆಟ್ಟಗಳಲ್ಲಿ ಮಾತ್ರ ಇರುವ ಹಕ್ಕಿ. ದೇವರಾಯನದುರ್ಗದಲ್ಲೂ ಇದೆ. ಅದರ ಪುಸ್ತಕದ ಹೆಸರು ಅವನಿಗೆ ತಿಳಿಯದಿರಬಹುದು, ಅದು ಕೂರುವ ಪೊದೆ ತಿಳಿದಿರುತ್ತೆ. "ಹಳ್ಳಿಯವರಿಗೆ ಇಂಗ್ಲಿಷ್ ಬರಲ್ಲ" ಅನ್ನುವವರಿದ್ದಾರೆ. ನಾಲ್ಕು ಮಾತು ಇಂಗ್ಲಿಷ್ ತಿಂಗಳಲ್ಲಿ ಕಲಿಸಬಹುದು. ಬೆಟ್ಟವನ್ನು ತಿಂಗಳಲ್ಲಿ ಕಲಿಸೋಕಾಗುತ್ತಾ?

ಇದು ಬರೀ ಆಸೆಯ ಮಾತಲ್ಲ. ಕುಮಾರಪರ್ವತದ ದಾರಿಯ ಗಿರಿಗದ್ದೆಯಲ್ಲಿ ಒಂದು ಕೃಷಿಕ ಮನೆ ದಶಕಗಳ ಕಾಲ ಚಾರಣಿಗರಿಗೆ ಊಟ ಹಾಕಿದೆ. ಅದೇ ಬೆಟ್ಟಕ್ಕೆ 2024ರ ಜನವರಿಯಲ್ಲಿ ಸಾವಿರಾರು ಜನ ನುಗ್ಗಿದಾಗ ಸರ್ಕಾರ ಚಾರಣಕ್ಕೇ ತಡೆ ಹಾಕಬೇಕಾಯಿತು. ಆಮೇಲೆ ಮುಂಗಡ ಬುಕ್ಕಿಂಗ್, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಬಂತು. ಒಳ್ಳೆಯದೇ. ಆದರೆ ಮಿತಿ ಗುಂಪನ್ನು ತಡೆಯುತ್ತೆ, ರಾಗಿ ಹೊಲವನ್ನು ಕಾಯೋದಿಲ್ಲ. ಅದಕ್ಕೆ ಜೊತೆಗೊಬ್ಬ ಊರಿನವ ಬೇಕು.

ನನ್ನ ಸಲಹೆ ಇಷ್ಟು:

* ಬೆಟ್ಟದ ಬುಡದ ಊರುಗಳ ಹುಡುಗ, ಹುಡುಗಿಯರಿಗೇ ಅರಣ್ಯ ಇಲಾಖೆ ತರಬೇತಿ ಕೊಡಲಿ. ಪ್ರಥಮ ಚಿಕಿತ್ಸೆ, ಬೆಂಕಿ ಆರಿಸೋದು ಅದರಲ್ಲಿರಲಿ.
* ಗೈಡ್ ಶುಲ್ಕ ಗ್ರಾಮ ಅರಣ್ಯ ಸಮಿತಿಯ ಮೂಲಕ ಬರಲಿ. ಒಂದು ಪಾಲು ಬೆಂಕಿ ಕಾಯುವ ಕೂಲಿಗೆ ಹೋಗಲಿ.
* ಹೊಲದ ಮೇಲೆ ದಾರಿ ಬೇಕಾದರೆ ಮೊದಲು ರೈತನ ಒಪ್ಪಿಗೆ ಪಡೆಯಲಿ.
* ಹುಲ್ಲು ಒಣಗಿದ ತಿಂಗಳುಗಳಲ್ಲಿ ಚಾರಣ ಬೇಡ.

ರಾಗಿ, ತೆಂಗು ನಂಬಿ ಕೂತ ನಮಗೆ ವಾರಕ್ಕೆ ಎರಡು ದಿನದ ಈ ಕೂಲಿ ಸಣ್ಣದೇನಲ್ಲ. ಊರಲ್ಲೇ ಸಂಪಾದನೆ ಇದ್ದರೆ ಹುಡುಗರೂ ಊರಲ್ಲೇ ನಿಂತಾರು. ಮುಂದಿನ ಗ್ರಾಮಸಭೆಯಲ್ಲಿ ಈ ಮಾತು ಎತ್ತಿ. ನಾವು ಕೇಳದೆ ಯಾರೂ ಕರೆದು ಕೊಡೋದಿಲ್ಲ.