ಮುಂದೆ ಮಳಿಗೆ, ಹಿಂದೆ ಯಾರು?

ನಗರ ಕಟ್ಟುವ ಪಂಡಿತರ ಬಳಿ ಒಂದು ಉಪಾಯವಿದೆ. ಬೀದಿಯ ಅಂಚಿಗೆ ಒಂದೇ ಕೋಣೆಯಷ್ಟು ಆಳದ ಮಳಿಗೆಗಳನ್ನು ಸಾಲಾಗಿ ಕಟ್ಟು. ಅವುಗಳ ಬೆನ್ನಿಗೆ ಕಾರು ನಿಲ್ಲುವ ಬಯಲು, ಸರಕು ಇಳಿಸುವ ಕಟ್ಟೆ, ಜನರೇಟರು, ಕಸದ ತೊಟ್ಟಿ, ಮಲದ ಗುಂಡಿ ಎಲ್ಲವನ್ನೂ ಅಡಗಿಸು. ಬೀದಿಗೆ ಜೀವ ಬರುತ್ತದೆ ಅಂತಾರೆ. ಒಪ್ಪಿದೆವು. ನಡೆದು ಹೋಗುವ ಬಡವನಿಗೂ ಕಾರುಗಳ ಬಯಲಿಗಿಂತ ಅಂಗಡಿ ಸಾಲಿನ ನೆರಳೇ ಹಿತ. ಆದರೆ ನಮ್ಮದೊಂದು ಪ್ರಶ್ನೆ: ಹಿಂದ ಯಾರದಾರ್ರೀ?

ಈ ಉಪಾಯ ನಮಗೆ ಹಳೆಯದು. 1898ರ ಪ್ಲೇಗಿನ ಕಾಲದಲ್ಲಿ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಮನೆಗಳ ಮುಂದೆ ಅಗಲ ಬೀದಿ, ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ. ಮುಂದೆ ಮನೆಯವರು ಓಡಾಡಿದರು, ಹಿಂದೆ ಮಲ ಹೊರುವವರು ಓಡಾಡಿದರು. ಊರು, ಕೇರಿ ಎರಡನ್ನೂ ನಕ್ಷೆಯಲ್ಲೇ ಬರೆದಿದ್ದರು.

ತಲೆಯ ಮೇಲೆ ಮಲ ಹೊರಿಸುವುದನ್ನು 1970ರ ದಶಕದಲ್ಲೇ ಸಚಿವ ಬಿ. ಬಸವಲಿಂಗಪ್ಪ ನಿಷೇಧಿಸಿದರು. ಆದರೂ 2010ರ ಜುಲೈಯಲ್ಲಿ ಸವಣೂರಿನ ನಮ್ಮವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಳ್ಳಬೇಕಾಯಿತು. ಹಿಂದಿನ ಗಲ್ಲಿಯಲ್ಲಿ ಯಾರಿಗೂ ಕಾಣದವರು ಮುಂಬಾಗಿಲಿಗೆ ಬಂದು ಕಾಣಿಸಿಕೊಂಡ ರೀತಿ ಅದು. 2013ರಲ್ಲಿ ಹೊಸ ಕಾನೂನು ಬಂತು. 2023ರಲ್ಲಿ ಸುಪ್ರೀಂ ಕೋರ್ಟು, ಒಳಚರಂಡಿಯಲ್ಲಿ ಸತ್ತವನ ಮನೆಯವರಿಗೆ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಸಾವು ನಿಂತಿದ್ದರೆ ಈ ಲೆಕ್ಕ ಯಾಕೆ ಬೇಕಿತ್ತು?

ಇದನ್ನು ಮಚ್ಛೆಯಲ್ಲಿ ಕೇಳಬೇಕು. ಬೆಳಗಾವಿ-ಖಾನಾಪುರ ರಸ್ತೆಯ ಈ ಊರಿನಲ್ಲಿ ಕಾರ್ಖಾನೆಗಳಿವೆ. 1998ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರವೂ ಇದೆ. ನಾಡಿನ ಎಂಜಿನಿಯರರು, ಆರ್ಕಿಟೆಕ್ಟರು ಇದರ ಪದವಿ ಹಿಡಿದು ಹೊರಡುತ್ತಾರೆ. ಅವರಲ್ಲಿ ನಮ್ಮ ಕೇರಿಯ ಮಕ್ಕಳೂ ಇದ್ದಾರೆ. ಬೆಳಗಾವಿ 2016ರ ಮೊದಲ ಪಟ್ಟಿಯಲ್ಲೇ ಸ್ಮಾರ್ಟ್ ಸಿಟಿ ಅನ್ನಿಸಿಕೊಂಡ ನಗರ. ಅಂಥ ನಗರಗಳಿಗೆ ನಾಳೆ ಮುಖ ಬರೆಯುವವರು ಇವರೇ.

ಗೆಳೆಯರೇ, ನಕ್ಷೆಯಲ್ಲಿ 'ಸರ್ವೀಸ್' ಅಂತ ಬರೆದು ನೀವು ಖಾಲಿ ಬಿಡುವ ಚೌಕದಲ್ಲಿ ಕಸ ಆರಿಸುವ ಅವ್ವ ಇದ್ದಾಳೆ, ಮೂಟೆ ಇಳಿಸುವ ಹಮಾಲ ಇದ್ದಾನೆ, ರಾತ್ರಿ ಪಾಳಿಯ ಕಾವಲಿನವನಿದ್ದಾನೆ. ಅವರಿಗೆ ನೀರೆಲ್ಲಿ, ನೆರಳೆಲ್ಲಿ, ಕಕ್ಕಸೆಲ್ಲಿ? ಅದನ್ನು ಮೊದಲು ಬರೆಯಿರಿ. ಮಳಿಗೆಗಳಿಗೆ ಹಿಂಬದಿಗೂ ಕಿಟಕಿ ಇಡಿ. ಮಲದ ಗುಂಡಿಯವರೆಗೆ ಯಂತ್ರದ ಲಾರಿ ಬರುವಷ್ಟು ದಾರಿ ಬಿಡಿ. ಲಾರಿ ಹೋಗದ ಕಡೆ ಮನುಷ್ಯನನ್ನೇ ಇಳಿಸುತ್ತಾರೆ. ಪಾಠ ಹೇಳುವ ಮೇಷ್ಟ್ರೇ, ಇಷ್ಟೂ ಇಲ್ಲದ ನಕ್ಷೆಗೆ ಅಂಕ ಕೊಡಬೇಡಿ.

ಕಾರು ಮರೆಯಾಗಲಿ, ಕಸದ ತೊಟ್ಟಿಯೂ ಮರೆಯಾಗಲಿ. ದುಡಿಯುವ ಮನುಷ್ಯನನ್ನು ಮರೆಮಾಡುವ ಕಟ್ಟಡ ಎಷ್ಟೇ ಚೆಂದವಿದ್ದರೂ ನಾವು ಅದನ್ನು ಕೇರಿಯ ಗೋಡೆ ಅಂತಲೇ ಕರೆಯುತ್ತೇವೆ.